ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ದೂರದ ಊರಿಗೆ ವಿಮಾನ: ದೂರ ಎಷ್ಟು, ನಿಜವಾಗಿ ಎಷ್ಟು ತಾಸು, ಲೆಕ್ಕ ಹಾಕೋದು ಹೆಂಗ

ನಮ್ಮ ಓಣ್ಯಾಗ, ಸಂಬಂಧಿಕರಾಗ ಯಾರಾದ್ರೂ ಗಲ್ಫ್‌ಗೆ ಹೊಂಟ್ರ, ಮಗನ್ನ ನೋಡಾಕ ಲಂಡನ್ನಿಗೆ ಹೊಂಟ್ರ ನನಗೊಂದು ಫೋನ್ ಬಂದೇ ಬರತೈತಿ. ಎಲ್ಲಾರದೂ ಒಂದೇ ಮಾತು, "ದುಬೈ ಬರೇ ಎರಡೂವರೆ ತಾಸಂತಲ್ರೀ, ಬೆಳಿಗ್ಗೆ ಹತ್ತಕ್ಕ ಫ್ಲೈಟ್, ಬಳ್ಳಾರಿ ರಾತ್ರಿ ಮೂರಕ್ಕ ಬಿಟ್ರ ಸಾಕಲ್ಲ?" ಸಾಕಾಗಂಗಿಲ್ಲ. ದುಬೈ ಎರಡೂವರೆ ತಾಸೂ ಅಲ್ಲ, ಮೂರಕ್ಕ ಬಿಟ್ರ ಕೌಂಟರ್ ಸಿಗೋದೂ ಇಲ್ಲ. ನನ್ನ ತಮ್ಮ ಕುವೈತ್‌ಗೆ ಹೋಗೋವಾಗ ರಾತ್ರಿ 12.40ರ ವಿಮಾನದ ತಾರೀಖು ತಪ್ಪು ಓದಿ ಒಂದು ದಿನ ತಡ ಆಗಿ ಏರ್‌ಪೋರ್ಟಿಗೆ ಹೋದ, ಇಡೀ ಟಿಕೆಟ್ ದುಡ್ಡು ಹೋತು, ಆವತ್ತಿಂದ ನಾನು ಮನ್ಯಾಗ ಯಾರ ಹೊಂಟ್ರೂ ಈ ಕೆಳಗಿನ ಕ್ರಮದಾಗ ಒಂದು ಹಾಳೆ ಮ್ಯಾಲೆ ಬರದು ಕೊಡ್ತೀನಿ. ಅದನ್ನ ಇಲ್ಲಿ ಪೂರ್ತಿ ಹಾಕೀನಿ. ಕ್ರಮ ಮಾತ್ರ ಬದಲಿಸಬ್ಯಾಡ್ರಿ, ಮೊದಲು ಏರ್‌ಪೋರ್ಟ್, ಆಮೇಲೆ ದೂರ, ಆಮೇಲೆ ಹಾರೋ ಹೊತ್ತು, ಆಮೇಲೆ ಗಡಿಯಾರ, ಕಡೀಗೆ ಮನಿ ಬಾಗಲದಿಂದ ಲೆಕ್ಕ. ಬಾಳ ಮಂದಿ ಗಡಿಯಾರದಿಂದ ಶುರು ಮಾಡ್ತಾರ, ಅಲ್ಲೇ ಎಡವತಾರ.

## ಕೈಯಾಗ ಏನೇನು ಇರಬೇಕು

ಟಿಕೆಟ್ ಪ್ರಿಂಟ್ ಅಥವಾ ಪಿಡಿಎಫ್, ಒಂದು ಹಾಳೆ ಪೆನ್ನು, ಫೋನಿನಾಗಿನ ಕ್ಯಾಲ್ಕುಲೇಟರ್ (ಫೋನ್ ಅಡ್ಡ ಹಿಡಿದ್ರ ಸೈನ್, ಕಾಸ್ ಬಟನ್ ಕಾಣತಾವಲ್ಲ, ಅದು), ಗೂಗಲ್ ಮ್ಯಾಪ್, ಫೋನಿನ ವರ್ಲ್ಡ್ ಕ್ಲಾಕ್. ವಿಮಾನ ಎಲ್ಲೈತಿ ಅಂತ ತೋರಿಸೋ ಫ್ಲೈಟ್‌ರಾಡಾರ್24 ಥರದ ಒಂದು ಆಪ್ ಇದ್ರ ಬಾಳ ಅನುಕೂಲ, ಉಚಿತದ್ದೇ ಸಾಕು.

## ಹಂತ 1: ಮೊದಲು ಎರಡು ಏರ್‌ಪೋರ್ಟ್ ಗಟ್ಟಿ ಮಾಡ್ಕೊಳ್ರಿ

"ಬಳ್ಳಾರಿಯಿಂದ ದುಬೈ ಎಷ್ಟು ಕಿಲೋಮೀಟರ್" ಅಂತ ಹುಡುಕಿದ್ರ ಇಂಟರ್ನೆಟ್ಟು ಏನೋ ಒಂದು ಅಂಕಿ ಕೊಡತೈತಿ, ಆದ್ರ ಅದು ಊರಿಂದ ಊರಿಗೆ ಎಳೆದ ಗೆರಿ. ನೀವು ಬಳ್ಳಾರಿಯಿಂದ ಹಾರಂಗಿಲ್ಲ. ಹಾರೋದು ದೇವನಹಳ್ಳಿಯಿಂದ (ಬೆಂಗಳೂರು ಏರ್‌ಪೋರ್ಟ್) ಇಲ್ಲಾ ಶಂಷಾಬಾದಿನಿಂದ (ಹೈದರಾಬಾದ್ ಏರ್‌ಪೋರ್ಟ್). ಅದಕ್ಕ ಹಾಳಿ ಮ್ಯಾಲೆ ಮೂರಕ್ಷರದ ಏರ್‌ಪೋರ್ಟ್ ಕೋಡ್ ಬರಕೊಳ್ರಿ: ಬೆಂಗಳೂರು ಬಿಎಲ್‌ಆರ್, ಹೈದರಾಬಾದ್ ಎಚ್‌ವೈಡಿ, ಹುಬ್ಬಳ್ಳಿ ಎಚ್‌ಬಿಎಕ್ಸ್, ತೋರಣಗಲ್ಲಿನ ವಿದ್ಯಾನಗರ ವಿಡಿವೈ.

ಯಾವ ಊರಿನವರಿಗೆ ಯಾವುದು ಅನ್ನೋದ್ರಾಗ ನನ್ನ ಅಭಿಪ್ರಾಯ ಇಷ್ಟು.

ರಾಯಚೂರಿನವರು ಕಣ್ಣು ಮುಚ್ಚಿ ಶಂಷಾಬಾದ್ ನೋಡ್ರಿ. ಮಖ್ತಲ್, ದೇವರಕದ್ರ, ಮಹಬೂಬ್‌ನಗರ, ಜಡಚೆರ್ಲಾ, ಶಾದ್‌ನಗರ ಮ್ಯಾಲೆ ಹೋದ್ರ ಹೆಚ್ಚುಕಡಿಮೆ 190 ಕಿ.ಮೀ., ಮತ್ತ ಏರ್‌ಪೋರ್ಟು ಹೈದರಾಬಾದ್ ಊರಿಗಿಂತ ಮೊದಲೇ ಸಿಗತೈತಿ, ಸಿಟಿ ಟ್ರಾಫಿಕ್ ಒಳಗ ಹೋಗೋ ಪ್ರಶ್ನೆನೇ ಇಲ್ಲ. ಬೆಂಗಳೂರಿಗೆ ಹೋದ್ರ ಇದರ ಎರಡು ಪಟ್ಟು ದಾರಿ. ಆದ್ರೂ ಎಷ್ಟೋ ಮಂದಿ "ನಮ್ಮ ರಾಜ್ಯದ್ದು" ಅಂತ ಬೆಂಗಳೂರಿನಿಂದಲೇ ಟಿಕೆಟ್ ಮಾಡಿಸ್ತಾರ, ಟಿಕೆಟ್‌ನಾಗ ಸಾವಿರ ರೂಪಾಯಿ ಉಳಿಸಿ ಕಾರಿಗೆ ಮೂರು ಸಾವಿರ ಜಾಸ್ತಿ ಕೊಡ್ತಾರ.

ಬಳ್ಳಾರಿಯವರಿಗೆ ಬೆಂಗಳೂರು. ಇಲ್ಲಿ ಒಂದು ದಾರಿ ತಪ್ಪು ಬಾಳ ನಡೀತೈತಿ. ಚಳ್ಳಕೆರೆ, ಹಿರಿಯೂರು, ತುಮಕೂರು ಮ್ಯಾಲೆ ಹೋದ್ರ ನೀವು ಬೆಂಗಳೂರಿನ ಪಶ್ಚಿಮ ಬಾಯಿಗೆ ಹೋಗಿ ನಿಲ್ತೀರಿ, ಅಲ್ಲಿಂದ ಏರ್‌ಪೋರ್ಟಿಗೆ ಮತ್ತ ಒಂದು ತಾಸಿನ ಮ್ಯಾಲೆ. ಅನಂತಪುರಕ್ಕ ಹೋಗಿ 44ನೇ ನಂಬರ್ ಹೈವೇ ಹಿಡಿದ್ರ ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿ ಸೀದಾ ದೇವನಹಳ್ಳಿ, ಊರೊಳಗ ಕಾಲಿಡೋದೇ ಬೇಕಿಲ್ಲ. ಸುಮಾರು 285ರಿಂದ 300 ಕಿ.ಮೀ. ಅಂತ ಹಿಡ್ಕೊಳ್ರಿ.

ಕೊಪ್ಪಳದವರದ್ದು ಸ್ವಲ್ಪ ಕಗ್ಗಂಟು. ಗದಗ ಮ್ಯಾಲೆ ಹುಬ್ಬಳ್ಳಿ ಬರೇ 120 ಕಿ.ಮೀ. ಆಸುಪಾಸು, ಆದ್ರ ಹುಬ್ಬಳ್ಳಿಯಿಂದ ವಿದೇಶಕ್ಕ ನೇರ ವಿಮಾನ ಇಲ್ಲ, ಬೆಂಗಳೂರೋ ಮುಂಬೈನೋ ಮುಟ್ಟಿ ಬದಲಿಸಬೇಕು. ದೆಹಲಿ ಮುಂಬೈಗೆ ಹೋಗೋರಿಗೆ ಹುಬ್ಬಳ್ಳಿ ಭಾಳ ಚಲೋ. ವಿದೇಶಕ್ಕ ಹೋಗೋರು ಹುಬ್ಬಳ್ಳಿಯಿಂದ ಒಂದೇ ಟಿಕೆಟ್‌ನಾಗ ಕನೆಕ್ಷನ್ ಸಿಕ್ರ ಮಾತ್ರ ತಗೊಳ್ರಿ, ಯಾಕಂತ ಹಂತ 5ರಾಗ ಹೇಳ್ತೀನಿ. ಸಿಂಧನೂರು, ಗಂಗಾವತಿ ಕಡೆಯವರು ಎರಡೂ ದಿಕ್ಕಿನ ಲೆಕ್ಕ ಹಾಕಿ ನೋಡಲೇಬೇಕು, ಕಣ್ಣಂದಾಜಿಗೆ ಗೊತ್ತಾಗಂಗಿಲ್ಲ.

ವಿದ್ಯಾನಗರ ಏರ್‌ಪೋರ್ಟ್ ಹತ್ತಿರ ಐತಲ್ಲ ಅಂತ ಕೇಳ್ತೀರಿ. ಅಲ್ಲಿಂದ ಹಾರೋದು ಸಣ್ಣ ವಿಮಾನ, ಕಂಪನಿಗಳು ಬದಲಾಗ್ಯಾವ, ವೇಳಾಪಟ್ಟಿನೂ ಬದಲಾಗತೈತಿ. ನೀವು ಹೋಗೋ ದಿನ ವಿಮಾನ ಐತೋ ಇಲ್ಲೋ ಬುಕಿಂಗ್ ಪುಟದಾಗ ಖಾತ್ರಿ ಮಾಡ್ಕೊಂಡ ಮ್ಯಾಲೆನೇ ಅದನ್ನ ಲೆಕ್ಕಕ್ಕ ತಗೊಳ್ರಿ.

## ಹಂತ 2: ಆಕಾಶದ ದೂರ ತೆಗೀರಿ

ಗೋಡಿ ಮ್ಯಾಲಿನ ನಕ್ಷೆಗೆ ಸ್ಕೇಲ್ ಇಟ್ಟು ಅಳೆದ್ರ ತಪ್ಪು ಬರತೈತಿ. ಭೂಮಿ ಗುಂಡಗ ಐತಿ, ನಕ್ಷೆ ಚಪ್ಪಟಿ ಐತಿ, ಉತ್ತರಕ್ಕ ಹೋದಂಗ ನಕ್ಷೆ ಹಿಗ್ಗತೈತಿ. ಮಕ್ಕಳ ಗ್ಲೋಬ್ ಇದ್ರ ಒಂದು ದಾರ ತಗೊಂಡು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಹಿಡೀರಿ. ದಾರ ಪೆಸಿಫಿಕ್ ಸಮುದ್ರದ ನಡುವ ಹೋಗಂಗಿಲ್ಲ, ಚೀನಾ, ಸೈಬೀರಿಯಾ ಮ್ಯಾಲೆ ಹಾದು 70 ಡಿಗ್ರಿ ಉತ್ತರ ಮುಟ್ಟಿ ಅಲಾಸ್ಕಾ ಕಡೆ ಇಳಿತೈತಿ. ಅದೇ ಎಲ್ಲಕ್ಕಿಂತ ಹತ್ತಿರದ ದಾರಿ, ಸುಮಾರು 13,990 ಕಿ.ಮೀ. 2021ರ ಜನವರಿಯಾಗ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಅಲ್ಲಿಂದ ಬೆಂಗಳೂರಿಗೆ ತಂದ ಮೊದಲ ವಿಮಾನ ಉತ್ತರ ಧ್ರುವದ ಮ್ಯಾಲೆನೇ ಹಾದು ಬಂದಿತ್ತು.

ಸುಲಭದ ವಿಧಾನ: ಗೂಗಲ್ ಮ್ಯಾಪ್‌ನಾಗ ಏರ್‌ಪೋರ್ಟ್ ಮ್ಯಾಲೆ ಬೆರಳು ಒತ್ತಿ ಹಿಡಿದು ಪಿನ್ ಬೀಳಿಸ್ರಿ, ಕೆಳಗಿನ ಮೆನುದಾಗ ದೂರ ಅಳೆಯೋ ಆಯ್ಕೆ ಸಿಗತೈತಿ, ಇನ್ನೊಂದು ಏರ್‌ಪೋರ್ಟ್ ತನಕ ಎಳೀರಿ. "ಡೈರೆಕ್ಷನ್ಸ್" ಒತ್ತಬ್ಯಾಡ್ರಿ, ಅದು ರಸ್ತೆ ದೂರ.

ಕೈಲಿಂದ ಮಾಡೋ ವಿಧಾನ: ಆಪ್ ಹೇಳಿದ್ದು ಸರಿ ಐತೋ ಇಲ್ಲೋ ಅಂತ ನೋಡಾಕ ಇದನ್ನ ಒಮ್ಮೆ ಮಾಡಿ ನೋಡ್ರಿ, ಪಿಯುಸಿ ಗಣಿತ ಸಾಕು. ಬೆಂಗಳೂರು ಏರ್‌ಪೋರ್ಟ್ ಅಕ್ಷಾಂಶ 13.20, ರೇಖಾಂಶ 77.71. ದುಬೈ 25.25, 55.36.

1. ಎರಡೂ ಅಕ್ಷಾಂಶದ ಸೈನ್ ತೆಗೆದು ಗುಣಿಸ್ರಿ: 0.2284 × 0.4266, ಬಂದದ್ದು 0.0974.
2. ಎರಡೂ ಅಕ್ಷಾಂಶದ ಕಾಸ್ ಮತ್ತ ರೇಖಾಂಶಗಳ ವ್ಯತ್ಯಾಸದ (22.35) ಕಾಸ್, ಮೂರೂ ಗುಣಿಸ್ರಿ: 0.9736 × 0.9044 × 0.9249, ಬಂದದ್ದು 0.8144.
3. ಎರಡನ್ನೂ ಕೂಡಿಸ್ರಿ: 0.9118. ಇದರ ವಿಲೋಮ ಕಾಸ್ (cos⁻¹ ಬಟನ್) ಒತ್ತಿದ್ರ ಸುಮಾರು 24.24 ಡಿಗ್ರಿ.
4. ಒಂದು ಡಿಗ್ರಿಗೆ 111.19 ಕಿ.ಮೀ., ಭೂಮಿ ತ್ರಿಜ್ಯ 6,371 ಕಿ.ಮೀ. ಅಂತ ಹಿಡಿದು ಬಂದ ಅಂಕಿ ಇದು. ಗುಣಿಸಿದ್ರ ಸುಮಾರು 2,695 ಕಿ.ಮೀ.

ಇದೇ ಲೆಕ್ಕಕ್ಕ ಹೈದರಾಬಾದಿನಿಂದ ದುಬೈ ಸುಮಾರು 2,550, ಬೆಂಗಳೂರಿನಿಂದ ದೆಹಲಿ 1,710, ಲಂಡನ್ 8,045 ಬರತೈತಿ.

ಎಲ್ಲಿ ತಪ್ಪತೈತಿ ಅಂದ್ರ, ಕ್ಯಾಲ್ಕುಲೇಟರ್ ರೇಡಿಯನ್ ಮೋಡ್‌ನಾಗ ಇರತೈತಿ. ಶುರು ಮಾಡೋ ಮೊದಲು ಸೈನ್ 30 ಒತ್ತಿ ನೋಡ್ರಿ, 0.5 ಬಂದ್ರ ಸರಿ, ಮೈನಸ್ 0.988 ಬಂದ್ರ ರೇಡಿಯನ್‌ನಾಗ ಐತಿ, ಡಿಗ್ರಿಗೆ ಬದಲಿಸ್ರಿ. ಎರಡನೇದು, ಲಂಡನ್, ಅಮೆರಿಕಾ ಎಲ್ಲಾ ಗ್ರೀನಿಚ್‌ನ ಪಶ್ಚಿಮಕ್ಕ ಅದಾವ, ಅವುಗಳ ರೇಖಾಂಶಕ್ಕ ಮೈನಸ್ ಹಾಕಬೇಕು, ಅಂದ್ರ ವ್ಯತ್ಯಾಸ ತೆಗೆಯೋವಾಗ ಕೂಡಬೇಕು: 77.71 ಕೂಡಿಸು 0.45, ಒಟ್ಟು 78.16. ಕಳೆದು ಕುಂತ್ರ ಲಂಡನ್ ನಿಮಗ ಎಲ್ಲೋ ಹೋಗಿ ಬೀಳತೈತಿ.

ಉತ್ತರ ದಕ್ಷಿಣ ಸೀದಾ ಇರೋ ಊರುಗಳಿಗೆ ಇಷ್ಟೆಲ್ಲ ಬೇಕಿಲ್ಲ. ಬೆಂಗಳೂರು, ದೆಹಲಿ ಹೆಚ್ಚುಕಡಿಮೆ ಒಂದೇ ರೇಖಾಂಶದಾಗ ಅದಾವ, ಅಕ್ಷಾಂಶದ ವ್ಯತ್ಯಾಸ 15.36, ಅದಕ್ಕ 111 ಗುಣಿಸಿದ್ರ 1,705. ಮುಗೀತು.

ಇನ್ನೊಂದು ಗೊಂದಲ ಮೈಲಿಯದ್ದು. ಅದೇ ದುಬೈ ದೂರ ಒಂದು ಕಡೆ 2,695, ಇನ್ನೊಂದು ಕಡೆ 1,675, ಮತ್ತೊಂದು ಕಡೆ 1,455 ಅಂತ ಇರತೈತಿ. ಮೂರೂ ಸರಿ: ಮೊದಲನೇದು ಕಿಲೋಮೀಟರ್, ಎರಡನೇದು ಸಾದಾ ಮೈಲಿ (1.609 ಕಿ.ಮೀ.), ಮೂರನೇದು ವಿಮಾನದವರು, ಹಡಗಿನವರು ಬಳಸೋ ನಾಟಿಕಲ್ ಮೈಲಿ (1.852 ಕಿ.ಮೀ.). ಹಾಳಿ ಮ್ಯಾಲೆ ಅಂಕಿ ಮುಂದ ಯಾವ ಅಳತಿ ಅಂತ ಬರೀದೇ ಬಿಡಬ್ಯಾಡ್ರಿ. ಲೆಕ್ಕದಾಗ 20,015 ಕಿ.ಮೀ.ಗಿಂತ ಜಾಸ್ತಿ ಬಂದ್ರ ಎಲ್ಲೋ ತಪ್ಪಾಗೈತಿ ಅಂತಲೇ ಅರ್ಥ, ಭೂಮಿ ಮ್ಯಾಲೆ ಯಾವ ಎರಡು ಊರೂ ಅದಕ್ಕಿಂತ ದೂರ ಇರಾಕ ಸಾಧ್ಯನೇ ಇಲ್ಲ, ಅದು ಭೂಮಿ ಸುತ್ತಳತಿಯ ಅರ್ಧ.

## ಹಂತ 3: ದೂರದಿಂದ ಹಾರೋ ಹೊತ್ತು

ಜೆಟ್ ವಿಮಾನ ಮ್ಯಾಲೆ ಹೋದ ಮ್ಯಾಲೆ ತಾಸಿಗೆ 850ರಿಂದ 900 ಕಿ.ಮೀ. ಓಡತೈತಿ. ಆದ್ರ ಏಳೋವಾಗ, ಇಳಿಯೋವಾಗ, ನೆಲದ ಮ್ಯಾಲೆ ಓಡಾಡೋವಾಗ ಆ ವೇಗ ಇರಂಗಿಲ್ಲ. ಅದಕ್ಕ ನಾನು ಹಾಕೋ ಲೆಕ್ಕ: ದೂರವನ್ನ 850ರಿಂದ ಭಾಗಿಸಿ, ಬಂದ ತಾಸಿಗೆ 40 ನಿಮಿಷ ಕೂಡಿಸೋದು.

ದೆಹಲಿ: 1,710 ಭಾಗಿಸು 850, ಎರಡು ತಾಸು, ಮ್ಯಾಲೆ 40 ನಿಮಿಷ. 2 ತಾಸು 40 ನಿಮಿಷ. ಟಿಕೆಟ್‌ನಾಗ ಇದಕ್ಕಿಂತ ಐದು ಹತ್ತು ನಿಮಿಷ ಜಾಸ್ತಿ ಹಾಕಿರ್ತಾರ, ತಡ ಆಗಬಾರದು ಅಂತ. ದುಬೈ: 3 ತಾಸು 10 ನಿಮಿಷಕ್ಕ 40 ಸೇರಿ 3 ತಾಸು 50 ನಿಮಿಷ. ಲಂಡನ್: 10 ತಾಸಿನ ಮ್ಯಾಲೆ, ದಾರಿ ಸುತ್ತು, ಎದುರು ಗಾಳಿ ಸೇರಿದ್ರ ಹತ್ತೂವರೆಯಿಂದ ಹನ್ನೊಂದು.

ಸಣ್ಣ ದೂರಕ್ಕ ಈ 40 ನಿಮಿಷಾನೇ ದೊಡ್ಡ ಪಾಲು. ಹುಬ್ಬಳ್ಳಿ ಬೆಂಗಳೂರು ಆಕಾಶದಾಗ 370 ಕಿ.ಮೀ. ಅಷ್ಟೇ, ಬರೇ ಭಾಗಿಸಿದ್ರ 26 ನಿಮಿಷ ಬರತೈತಿ, ಖರೇ ಹೊತ್ತು ಒಂದು ತಾಸು ದಾಟತೈತಿ. ಫ್ಯಾನ್ ಇರೋ ಎಟಿಆರ್ ವಿಮಾನ ಆದ್ರ ವೇಗ 500 ಆಸುಪಾಸು, ಅದಕ್ಕ 850 ಹಾಕಿ ಭಾಗಿಸಬ್ಯಾಡ್ರಿ.

ಗಾಳಿ ವಿಷಯ. ಹತ್ತು ಹನ್ನೆರಡು ಕಿ.ಮೀ. ಎತ್ತರದಾಗ ಪಶ್ಚಿಮದಿಂದ ಪೂರ್ವಕ್ಕ ಜೋರು ಗಾಳಿ ಹರಿಯೋ ಪಟ್ಟಿ ಇರತೈತಿ, ಚಳಿಗಾಲದಾಗ ಉತ್ತರ ಭಾರತ, ಗಲ್ಫ್ ಮ್ಯಾಲೆ ಇನ್ನೂ ಜೋರು. ಹಂಗಾಗಿ ಹೋಗೋವಾಗ ಎದುರು ಗಾಳಿ, ಬರೋವಾಗ ಬೆನ್ನ ಗಾಳಿ. ದುಬೈಗೆ ಹೋಗೋದು ಬರೋದಕ್ಕಿಂತ ಹತ್ತಿಪ್ಪತ್ತು ನಿಮಿಷ ಜಾಸ್ತಿ ಆದ್ರ ಅದಕ್ಕೇ. ಲಂಡನ್ ದಾರ್ಯಾಗ ಒಂದು ತಾಸಿನ ತನಕ ವ್ಯತ್ಯಾಸ ಬರತೈತಿ. ಹೋಗೋ ಹೊತ್ತನ್ನೇ ಬರೋ ಹೊತ್ತು ಅಂತ ಬರಕೋಬ್ಯಾಡ್ರಿ.

ದಾರಿ ಸುತ್ತು ಆಗೋ ಕಾರಣ ಇನ್ನೂ ಅದಾವ. 2025ರ ಏಪ್ರಿಲ್‌ನಾಗ ಪಾಕಿಸ್ತಾನ ತನ್ನ ಆಕಾಶಾನ ಭಾರತದ ವಿಮಾನಗಳಿಗೆ ಬಂದ್ ಮಾಡ್ತು, ದೆಹಲಿಯಿಂದ ಯುರೋಪ್, ಅಮೆರಿಕಾಕ್ಕ ಹೋಗೋ ನಮ್ಮ ಕಂಪನಿ ವಿಮಾನಗಳು ದಕ್ಷಿಣಕ್ಕ ಸುತ್ತಿ ಹೋಗಬೇಕಾತು. ಬೆಂಗಳೂರಿನಿಂದ ದುಬೈ, ದೋಹಾ ಕಡೆ ಹೋಗೋ ವಿಮಾನ ಅರಬ್ಬೀ ಸಮುದ್ರದ ಮ್ಯಾಲೆ ಹೋಗೋದರಿಂದ ಅವುಕ್ಕ ಅಷ್ಟು ಬಿಸಿ ತಟ್ಟಲಿಲ್ಲ. ಮೂರು ವರ್ಷದ ಹಿಂದ ಹೋಗಿ ಬಂದವರು ಹೇಳಿದ ಹೊತ್ತು ನಂಬಬ್ಯಾಡ್ರಿ ಅನ್ನಾಕ ಇದೇ ಕಾರಣ. ಟ್ರ್ಯಾಕಿಂಗ್ ಆಪ್‌ನಾಗ ನಿಮ್ಮ ಫ್ಲೈಟ್ ನಂಬರ್ ಹಾಕಿ, ಹೋದ ವಾರ ಏಳೂ ದಿನ ನಿಜವಾಗಿ ಎಷ್ಟೊತ್ತು ಹಾರೈತಿ ಅಂತ ನೋಡ್ರಿ. ನಿಮ್ಮ ಲೆಕ್ಕಕ್ಕೂ ಅದಕ್ಕೂ ಅರ್ಧ ತಾಸಿನ ಮ್ಯಾಲೆ ವ್ಯತ್ಯಾಸ ಇದ್ರ ಒಂದೋ ದಾರಿ ಸುತ್ತು, ಒಂದೋ ಹಂತ 2ರಾಗ ತಪ್ಪು.

## ಹಂತ 4: ಎಲ್ಲಾ ಟೈಮೂ ನಮ್ಮ ಗಡಿಯಾರಕ್ಕ ತರ್ರಿ

ಎಲ್ಲಾರೂ ಬೀಳೋ ಗುಂಡಿ ಇದೇ, ಅದಕ್ಕ ನಿಧಾನಕ್ಕ ಓದ್ರಿ.

ಟಿಕೆಟ್‌ನಾಗ ಬಿಡೋ ಟೈಮು ಬಿಡೋ ಊರಿಂದು, ಮುಟ್ಟೋ ಟೈಮು ಮುಟ್ಟೋ ಊರಿಂದು. ಉದಾಹರಣೆಗೆ ಬೆಂಗಳೂರು ಬೆಳಿಗ್ಗೆ 10.20, ದುಬೈ ಮಧ್ಯಾಹ್ನ 12.50 ಅಂತ ಐತಿ ಅನ್ಕೊಳ್ರಿ. ಸೀದಾ ಕಳೆದ್ರ ಎರಡೂವರೆ ತಾಸು. ಆದ್ರ ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದ ಐತಿ, ಅಲ್ಲಿ 12.50 ಆದಾಗ ನಮ್ಮಲ್ಲಿ 2.20. ಅಂದ್ರ ಖರೇ ಹಾರಿದ್ದು 4 ತಾಸು. ವಾಪಸ್ ಬರೋವಾಗ ದುಬೈ ರಾತ್ರಿ 10.00, ಬೆಂಗಳೂರು ಬೆಳಗಿನ 3.20 ಅಂತ ಇರತೈತಿ, ಸೀದಾ ಕಳೆದ್ರ 5 ತಾಸು 20 ನಿಮಿಷ. ದುಬೈ ರಾತ್ರಿ 10 ಅಂದ್ರ ನಮ್ಮ 11.30, ಹಂಗಾಗಿ ಖರೇ ಹೊತ್ತು 3 ತಾಸು 50 ನಿಮಿಷ. "ಹೋಗಾಕ ಎರಡೂವರೆ, ಬರಾಕ ಐದೂಕಾಲು" ಅಂತ ಊರಾಗ ಹೇಳ್ಕೊಂಡು ಅಡ್ಡಾಡತಾರಲ್ಲ, ಎರಡೂ ತಪ್ಪು.

ಅದಕ್ಕ ಕ್ರಮ ಹಿಂಗ:

1. ಬಿಡೋ ಟೈಮ್ ಬರೀರಿ, ಪಕ್ಕದಾಗ ಅದು ಭಾರತದ ಟೈಮ್‌ನಾಗ ಎಷ್ಟು ಅಂತ ಬರೀರಿ, ತಾರೀಖು ಸಮೇತ.
2. ಮುಟ್ಟೋ ಟೈಮ್ ಬರೀರಿ, ಅದನ್ನೂ ಭಾರತದ ಟೈಮಿಗೆ ತರ್ರಿ, ತಾರೀಖು ಸಮೇತ.
3. ಈಗ ಕಳೀರಿ. ಹಂತ 3ರ ಅಂಕಿಗೆ ಹತ್ತಿರ ಬಂತಂದ್ರ ಸರಿ.

ನಮಗಿಂತ ಹಿಂದ ಇರೋವು: ದುಬೈ, ಅಬುಧಾಬಿ, ಮಸ್ಕತ್ ಒಂದೂವರೆ ತಾಸು. ಸೌದಿ, ಕತಾರ್, ಕುವೈತ್, ಬಹ್ರೇನ್ ಎರಡೂವರೆ ತಾಸು. ಜರ್ಮನಿ ಚಳಿಗಾಲದಾಗ ನಾಲ್ಕೂವರೆ, ಬ್ಯಾಸಿಗ್ಯಾಗ ಮೂರೂವರೆ. ಇಂಗ್ಲೆಂಡ್ ಚಳಿಗಾಲದಾಗ ಐದೂವರೆ, ಬ್ಯಾಸಿಗ್ಯಾಗ ನಾಲ್ಕೂವರೆ. ನ್ಯೂಯಾರ್ಕ್ ಹತ್ತೂವರೆ, ಬ್ಯಾಸಿಗ್ಯಾಗ ಒಂಬತ್ತೂವರೆ. ಸ್ಯಾನ್ ಫ್ರಾನ್ಸಿಸ್ಕೋ ಹದಿಮೂರೂವರೆ, ಬ್ಯಾಸಿಗ್ಯಾಗ ಹನ್ನೆರಡೂವರೆ. ನಮಗಿಂತ ಮುಂದ ಇರೋದ್ರಾಗ ಸಿಂಗಾಪುರ ಎರಡೂವರೆ.

ಈ ಬ್ಯಾಸಿಗಿ ಚಳಿಗಾಲದ ಬದಲಾವಣಿ ನಮ್ಮ ದೇಶದಾಗೂ ಇಲ್ಲ, ಗಲ್ಫ್‌ನಾಗೂ ಇಲ್ಲ, ಅದಕ್ಕ ಮರೆತು ಬಿಡ್ತೀವಿ. ಯುರೋಪಿನಾಗ ಮಾರ್ಚ್ ಕಡೇ ಭಾನುವಾರ ಗಡಿಯಾರ ಒಂದು ತಾಸು ಮುಂದಕ್ಕ, ಅಕ್ಟೋಬರ್ ಕಡೇ ಭಾನುವಾರ ಹಿಂದಕ್ಕ. ಅಮೆರಿಕಾದಾಗ ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ. ಈ ದಿನಗಳ ಆಜುಬಾಜು ಪ್ರಯಾಣ ಇದ್ರ ವರ್ಲ್ಡ್ ಕ್ಲಾಕ್‌ನಾಗ ಇವತ್ತಿನ ವ್ಯತ್ಯಾಸ ನೋಡಿ ನಂಬಬ್ಯಾಡ್ರಿ, ಪ್ರಯಾಣದ ದಿನದ್ದು ಬೇರೆ ಇರಬಹುದು.

ಈಗ ನನ್ನ ತಮ್ಮ ಬಿದ್ದ ಗುಂಡಿ. ಟಿಕೆಟ್‌ನಾಗ 15ನೇ ತಾರೀಖು 00.40 ಅಂತ ಇದ್ರ ಅದು 14ನೇ ತಾರೀಖಿನ ರಾತ್ರಿ ಊಟ ಮುಗಿಸಿ ಏರ್‌ಪೋರ್ಟ್‌ನಾಗ ಕುಂತಿರಬೇಕಾದ ವಿಮಾನ. ನಾವು ಮಲಗಿ ಎದ್ದ ಮ್ಯಾಲೆ ದಿನ ಬದಲಾತು ಅಂತ ಎಣಿಸೋ ಮಂದಿ, ವಿಮಾನದವರು ರಾತ್ರಿ ಹನ್ನೆರಡಕ್ಕೇ ಬದಲಿಸ್ತಾರ. ರಾತ್ರಿ 12ರಿಂದ ಬೆಳಗಿನ 5ರ ನಡುವ ಇರೋ ಯಾವುದೇ ವಿಮಾನಕ್ಕ ಹಾಳಿ ಮ್ಯಾಲೆ ವಾರದ ಹೆಸರು ಹಾಕಿ ಬರೀರಿ, "ಮಂಗಳವಾರ ಸಂಜೆ ಮನಿ ಬಿಡಬೇಕು, ವಿಮಾನ ಬುಧವಾರ" ಅಂತ. ಮುಟ್ಟೋ ಟೈಮ್ ಪಕ್ಕ ಸಣ್ಣಗ +1 ಅಂತ ಇದ್ರ ಮರುದಿನ ಮುಟ್ಟತೈತಿ ಅಂತ ಅರ್ಥ. ಅದು ಕಣ್ಣಿಗೇ ಬೀಳದಷ್ಟು ಸಣ್ಣ ಅಕ್ಷರದಾಗ ಇರತೈತಿ, ಹುಡುಕಿ ನೋಡ್ರಿ.

## ಹಂತ 5: ನಡುವ ಇಳಿದು ಹತ್ತೋದಿದ್ರ

ನಡುವಿನ ಊರು ದಾರಿ ಮ್ಯಾಲೆ ಐತೋ, ದಾರಿ ಬಿಟ್ಟು ಐತೋ ಅನ್ನೋದು ದೂರದ ಲೆಕ್ಕ ಹಾಕಿದ್ರಷ್ಟೇ ಗೊತ್ತಾಗೋದು. ಬೆಂಗಳೂರು ಲಂಡನ್ ಸೀದಾ 8,045. ದುಬೈ ಮ್ಯಾಲೆ ಹೋದ್ರ 2,695 ಮತ್ತ 5,500, ಒಟ್ಟು 8,195, ಅಂದ್ರ ಬರೇ 150 ಕಿ.ಮೀ. ಜಾಸ್ತಿ, ದುಬೈ ಹೆಚ್ಚುಕಡಿಮೆ ದಾರಿ ಮ್ಯಾಲೇ ಕುಂತೈತಿ. ದೆಹಲಿ ಮ್ಯಾಲೆ ಹೋದ್ರ 1,710 ಮತ್ತ 6,730, ಒಟ್ಟು 8,440, ಸುಮಾರು 400 ಜಾಸ್ತಿ. ಅಗ್ಗ ಅಂತ ಸಿಂಗಾಪುರದ ಮ್ಯಾಲೆ ತಗೊಂಡ್ರ 14,000 ಆಗತೈತಿ, ಲಂಡನ್ನಿಗೆ ಬೆನ್ನು ಹಾಕಿ ಹೋಗಿ ಮತ್ತ ಅಷ್ಟೂ ವಾಪಸ್ ಬರೋದು. ನಮ್ಮ ಕಡೆ ವಯಸ್ಸಾದವರನ್ನ ಇಂಥ ಟಿಕೆಟ್‌ನಾಗ ಕಳಿಸಿಬಿಡ್ತಾರ, ಹತ್ತು ಸಾವಿರ ಉಳೀತು ಅಂತ. ಮೂವತ್ತು ತಾಸು ಕುಂತು ಕಾಲು ಊದಿಸ್ಕೊಂಡು ಇಳೀತಾರ ಅವರು. ದಯವಿಟ್ಟು ಹಂಗ ಮಾಡಬ್ಯಾಡ್ರಿ.

ಕನೆಕ್ಷನ್ ಲೆಕ್ಕ ಹಾಕೋ ಮೊದಲು ಒಂದು ಪ್ರಶ್ನೆ: ಎರಡೂ ವಿಮಾನ ಒಂದೇ ಪಿಎನ್‌ಆರ್‌ನಾಗ ಅದಾವೋ, ಬ್ಯಾರೆ ಬ್ಯಾರೆಯೋ? ಒಂದೇ ಇದ್ರ ಮೊದಲನೇ ವಿಮಾನ ತಡ ಆಗಿ ಎರಡನೇದು ತಪ್ಪಿದ್ರ ಮುಂದಿನ ವಿಮಾನಕ್ಕ ಹಾಕೋ ಹೊಣೆ ಕಂಪನಿದು, ಲಗೇಜೂ ಸಾಮಾನ್ಯವಾಗಿ ಕಡೇ ಊರಿಗೇ ಹೋಗತೈತಿ. ಬ್ಯಾರೆ ಬ್ಯಾರೆ ಇದ್ರ ನೀವೇ ಲಗೇಜ್ ತಗೊಂಡು ಹೊರಗ ಬಂದು ಮತ್ತ ಚೆಕ್‌ಇನ್ ಮಾಡಬೇಕು, ತಪ್ಪಿದ್ರ ದುಡ್ಡು ಹೋದಂಗ. ಹುಬ್ಬಳ್ಳಿ ವಿಷಯದಾಗ ಒಂದೇ ಟಿಕೆಟ್ ಇರಲಿ ಅಂದದ್ದು ಇದಕ್ಕೇ.

ಒಂದೇ ಪಿಎನ್‌ಆರ್ ಇದ್ದು ದೇಶದ ವಿಮಾನದಿಂದ ವಿದೇಶದ್ದಕ್ಕ ಬದಲಿಸೋದಾದ್ರ ನಾನು ಮೂರು ತಾಸಿಗೆ ಕಮ್ಮಿ ಒಪ್ಪಂಗಿಲ್ಲ. ಬ್ಯಾರೆ ಬ್ಯಾರೆ ಇದ್ರ ಆರು ತಾಸು. ಮುಂಬೈ, ದೆಹಲಿಯಾಗ ಟರ್ಮಿನಲ್ ನೋಡ್ರಿ, ಮುಂಬೈಯಾಗ ಒಂದನೇ ಟರ್ಮಿನಲ್‌ನಿಂದ ಎರಡನೇದಕ್ಕ ರಸ್ತೆ ಮ್ಯಾಲೆ ಹೋಗಬೇಕು. ಬೆಂಗಳೂರಿನಾಗ 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನ ಎಲ್ಲಾ ಎರಡನೇ ಟರ್ಮಿನಲ್. ಬ್ಯಾರೆ ದೇಶದಾಗ ಇಳಿದು ಲಗೇಜ್ ತಗೋಬೇಕಾದ್ರ ಅಲ್ಲಿ ಟ್ರಾನ್ಸಿಟ್ ವೀಸಾ ಬೇಕಾಗಬಹುದು, ಟಿಕೆಟ್ ತಗೊಳ್ಳೋ ಮೊದಲೇ ಕೇಳ್ರಿ.

## ಹಂತ 6: ಮನಿ ಬಾಗಲದಿಂದ, ಹಿಂದಿನಿಂದ ಎಣಿಸ್ರಿ

ಈಗ ವಿಮಾನ ಬಿಡೋ ಟೈಮಿನಿಂದ ಹಿಂದಕ್ಕ ಬರ್ರಿ. ಅದೇ ಬೆಂಗಳೂರು ದುಬೈ 10.20 ತಗೊಳ್ಳೋಣ, ಮನಿ ಬಳ್ಳಾರಿಯಾಗ.

1. ಚೆಕ್‌ಇನ್ ಕೌಂಟರ್ ಮುಚ್ಚೋದು ವಿಮಾನ ಬಿಡೋದಕ್ಕಿಂತ 60ರಿಂದ 75 ನಿಮಿಷ ಮೊದಲು, ಕಂಪನಿ ಮ್ಯಾಲೆ ಬದಲಾಗತೈತಿ. ಅಂದ್ರ 9.05.
2. ವಿದೇಶಕ್ಕ ಮೂರು ತಾಸು ಮೊದಲು ಏರ್‌ಪೋರ್ಟ್ ಬಾಗಲದಾಗ. 7.20. ದೇಶದೊಳಗ ಆದ್ರ ಎರಡು ತಾಸು.
3. ಅನಂತಪುರ ದಾರಿ ಐದೂವರೆಯಿಂದ ಆರು ತಾಸು, ಒಂದು ಚಾ ನಿಲುಗಡೆ ಸೇರಿ.
4. ಪಂಚರ್, ಲಾರಿ ಜಾಮ್, ಟೋಲ್ ಸಾಲು ಅಂತ ಒಂದು ತಾಸು ಕೈಯಾಗ ಇಟ್ಕೊಳ್ರಿ.

ಬಂದದ್ದು ರಾತ್ರಿ 12.20. ಮೂರು ಗಂಟೆ ಅಲ್ಲ.

ಇನ್ನು ಆ ಕಡೆ ಕೂಡಿಸ್ರಿ. ದುಬೈ ಮುಟ್ಟೋದು ನಮ್ಮ ಟೈಮ್ 2.20, ಇಮಿಗ್ರೇಷನ್, ಲಗೇಜ್ ಒಂದು ತಾಸು, ರೂಮಿಗೆ ಒಂದು ತಾಸು, 4.20. ಬಳ್ಳಾರಿ ಬಾಗಲದಿಂದ ದುಬೈ ರೂಮಿನ ಬಾಗಲಕ್ಕ 16 ತಾಸು, ಅದರಾಗ ವಿಮಾನದ್ದು ಬರೇ 4. ಉಳಿದ 12 ತಾಸು ನೆಲದ ಮ್ಯಾಲೆ ಹೋಗತೈತಿ, ತಪ್ಪು ಆಗೋದೂ ಆ 12 ತಾಸಿನೊಳಗ. ರಾಯಚೂರಿನವರಾದ್ರ ಶಂಷಾಬಾದಿಗೆ ನಾಲ್ಕು ತಾಸು ಹಿಡಿದ್ರ ಸಾಕು, ಎರಡು ತಾಸು ಅಲ್ಲೇ ಉಳಿತೈತಿ.

ರಾತ್ರಿ 12.20ಕ್ಕ ಡ್ರೈವರ್‌ನ ಎಬ್ಬಿಸಿ ಹೊರಡೋದು ನನಗ ಮನಸಿಲ್ಲ. ಬೆಳಗಿನ 3ರಿಂದ 5ರ ನಡುವ ಡ್ರೈವರ್‌ಗೆ ಜೋಂಪು ಹತ್ತೋ ಹೊತ್ತು, ಮತ್ತ ಡಿಸೆಂಬರ್ ಜನವರಿಯಾಗ ದೇವನಹಳ್ಳಿ, ಚಿಕ್ಕಬಳ್ಳಾಪುರ ಸುತ್ತ ಬೆಳಗಿನ ಜಾವ ದಟ್ಟ ಮಂಜು ಬೀಳತೈತಿ, ರಸ್ತೆನೂ ಕಾಣಂಗಿಲ್ಲ, ವಿಮಾನಗಳೂ ತಡ ಆಗತಾವ. ಬೆಳಿಗ್ಗೆ 11ರೊಳಗಿನ ವಿಮಾನ ಇದ್ರ ಹಿಂದಿನ ದಿನ ಸಂಜಿಗೇ ಹೋಗಿ ಅಲ್ಲೇ ಹತ್ತಿರ ಮಲಗ್ರಿ, ರೂಮಿನ ಬಾಡಿಗೆ ಟಿಕೆಟ್ ಮುಂದ ಏನೂ ಅಲ್ಲ.

ರೈಲಿಗೆ ಹೋಗೋರಿಗೆ: ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯೆಲ್ಲ ಮಲಗಿ ಬೆಳಿಗ್ಗೆ ಬೆಂಗಳೂರು ಮುಟ್ಟಬಹುದು, ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ ಐತಿ, ಸುಮಾರು 35 ಕಿ.ಮೀ. ಆದ್ರ ರೈಲು ಮುಟ್ಟೋ ಟೈಮಿಗೂ ವಿಮಾನ ಬಿಡೋ ಟೈಮಿಗೂ ನಡುವ ಕಮ್ಮಿ ಅಂದ್ರ ಏಳು ತಾಸು ಇರಲಿ: ರೈಲಿಗೆ ಎರಡು ತಾಸು ತಡ, ಬಸ್ಸಿಗೆ ಎರಡು, ಏರ್‌ಪೋರ್ಟಿಗೆ ಮೂರು. ಮಧ್ಯಾಹ್ನದ ಮ್ಯಾಲಿನ ವಿಮಾನಕ್ಕ ಇದು ಚಲೋ, ಬೆಳಗಿನದ್ದಕ್ಕ ಬ್ಯಾಡ.

## ಹಂತ 7: ಹೊರಡೋ ಹಿಂದಿನ ದಿನ ಮತ್ತೊಮ್ಮೆ

ಟಿಕೆಟ್ ಮೂರು ತಿಂಗಳ ಹಿಂದ ತಗೊಂಡಿದ್ರ ಟೈಮ್ ಬದಲಾಗಿರೋ ಸಾಧ್ಯತೆ ಬಾಳ. ವಿಮಾನ ಕಂಪನಿಗಳ ವೇಳಾಪಟ್ಟಿ ವರ್ಷಕ್ಕ ಎರಡು ಸಲ ಬದಲಾಗತೈತಿ, ಮಾರ್ಚ್ ಕಡೇ ಭಾನುವಾರ ಒಮ್ಮೆ, ಅಕ್ಟೋಬರ್ ಕಡೇ ಭಾನುವಾರ ಒಮ್ಮೆ. ಏಜೆಂಟ್ ಹತ್ರ ಮಾಡಿಸಿದ್ರ ಮೆಸೇಜ್ ಏಜೆಂಟಿನ ಫೋನಿಗೆ ಹೋಗಿರತೈತಿ, ನಿಮಗ ಗೊತ್ತೇ ಆಗಿರಂಗಿಲ್ಲ. ಬುಕಿಂಗ್ ಮಾಡಿಸೋವಾಗಲೇ ನಿಮ್ಮ ನಂಬರ್ ಹಾಕಿಸ್ರಿ, ಹಿಂದಿನ ದಿನ ಕಂಪನಿ ಸೈಟಿಗೆ ಹೋಗಿ ಪಿಎನ್‌ಆರ್ ಹಾಕಿ ಟೈಮು, ಟರ್ಮಿನಲ್ಲು, ತಾರೀಖು ಮೂರೂ ನೋಡ್ರಿ. ವೆಬ್ ಚೆಕ್‌ಇನ್ ಆಗೈತಿ ಅಂತ ತಡ ಮಾಡಬ್ಯಾಡ್ರಿ, ಲಗೇಜ್ ಇದ್ರ ಕೌಂಟರ್ ಮುಚ್ಚೋದ್ರೊಳಗ ಹೋಗಲೇಬೇಕು.

ಇಂಥಾವು ಕಂಡ್ರ ನಿಂತು ಮತ್ತ ಲೆಕ್ಕ ಹಾಕ್ರಿ: ನಿಮ್ಮ ಹಾಳ್ಯಾಗಿನ ಹಾರೋ ಹೊತ್ತು ಟಿಕೆಟ್‌ನಾಗಿನ "ಡ್ಯುರೇಷನ್"ಗಿಂತ ಆ ಊರಿನ ಟೈಮ್ ವ್ಯತ್ಯಾಸದ ಎರಡು ಪಟ್ಟು (ದುಬೈಗಾದ್ರ ಮೂರು ತಾಸು) ಹೆಚ್ಚುಕಡಿಮೆ ಇದ್ರ ಟೈಮ್ ವ್ಯತ್ಯಾಸ ಉಲ್ಟಾ ಹಾಕೀರಿ. ಅರ್ಧ ತಾಸಿನ ವ್ಯತ್ಯಾಸ ಬಂದ್ರ ನಮ್ಮ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ತಾಸು ಮುಂದ ಐತಲ್ಲ, ಆ ಅರ್ಧ ತಾಸು ಮರೆತೀರಿ, ಬಾಳ ಸಲ ಇದೇ ಆಗೋದು. ಎರಡೂ ಸರಿ ಇದ್ದು ತಾರೀಖು ಮಾತ್ರ ಹೊಂದಲಿಲ್ಲ ಅಂದ್ರ +1 ಬಿಟ್ಟೀರಿ.

## ವಾಪಸ್ ಬರೋವಾಗ ಕಾರ್ ಕಳಿಸೋರಿಗೆ

ಬರೋವರ ಟಿಕೆಟ್‌ನಾಗ ದುಬೈ 15ನೇ ತಾರೀಖು ರಾತ್ರಿ 10.00, ಬೆಂಗಳೂರು 3.20 +1 ಅಂತ ಇದ್ರ ಅವರು ಇಳಿಯೋದು 16ನೇ ತಾರೀಖು ಬೆಳಗಿನ ಜಾವ. ಹೊರಗ ಬರಾಕ 4.15 ಆಗತೈತಿ. ಕಾರು ಬಳ್ಳಾರಿ ಬಿಡಬೇಕಾದ್ದು 15ನೇ ತಾರೀಖು ರಾತ್ರಿ 9ರೊಳಗ, ಅವರು ಇನ್ನೂ ದುಬೈ ಏರ್‌ಪೋರ್ಟ್ ಸಾಲಿನಾಗ ನಿಂತಿರೋವಾಗ. ಡ್ರೈವರ್ ಮಧ್ಯಾಹ್ನ ಮಲಗಿ ಎದ್ದಿರಲಿ, ಮತ್ತ ಬರೋವಾಗ ಬೆಳಕು ಹರಿಯೋ ತನಕ ಏರ್‌ಪೋರ್ಟ್ ಹತ್ರನೇ ಒಂದು ತಾಸು ಕುಂತು, ಚಾ ಕುಡಿದು, ಆಮೇಲೆ ಹೊರಡಾಕ ಹೇಳ್ರಿ.